ಬಾಗಿಲಲ್ಲಿ ಕೂಗಿದ ಹೆಸರು

ಹೆರಿಗೆ ವಾರ್ಡಿನ ಸಿಸ್ಟರಮ್ಮನಿಗೆ ಕೆಲಸದಿಂದ ನಿವೃತ್ತಿಯಾಗಿತ್ತೇ ಹೊರತು ಅವಳ ಬಾಯಿಗೆ ಆಗಿರಲಿಲ್ಲ. ಆಸ್ಪತ್ರೆಯಲ್ಲಿದ್ದಷ್ಟು ಕಾಲವೂ ಮಗು ಹುಟ್ಟಿದ ಕೂಡಲೇ ವಾರ್ಡಿನ ಬಾಗಿಲನ್ನು ಅಗಲಕ್ಕೆ ತೆರೆದು, ಹೊರಗೆ ಬೆಂಚಿನ ಮೇಲೆ ಉಗುರು ಕಚ್ಚುತ್ತ ಕೂತವರಿಗೆಲ್ಲ ಕೇಳುವಂತೆ ಕೂಗಿ ಹೇಳುವುದು ಅವಳ ಪದ್ಧತಿ. ಯಾರ ಹೆಂಡತಿ, ಯಾರ ಮಗಳು, ಗಂಡೋ ಹೆಣ್ಣೋ, ತೂಕ ಎಷ್ಟು, ಒಂದನ್ನೂ ಬಿಡುತ್ತಿರಲಿಲ್ಲ. ಡಾಕ್ಟರು, "ಸ್ವಲ್ಪ ಮೆಲ್ಲಗೆ ಸಿಸ್ಟರ್" ಎಂದರೆ, "ಒಳ್ಳೇ ಸುದ್ದೀನ ಯಾರಾದ್ರೂ ಗುಟ್ಟಾಗಿ ಹೇಳ್ತಾರಾ ಸಾರ್?" ಎಂದು ಅವರ ಬಾಯನ್ನೇ ಮುಚ್ಚಿಸುತ್ತಿದ್ದಳು.

ನಿವೃತ್ತಿಯಾದ ಮೇಲೆ ಕೂಗುವುದಕ್ಕೆ ಬಾಗಿಲಿಲ್ಲದೆ ಬಹಳ ಚಡಪಡಿಸಿದಳು. ಆಗ ಮಗಳು ಒಂದು ಫೋನು ಕೊಡಿಸಿ, ಸಾಮಾಜಿಕ ಜಾಲತಾಣದಲ್ಲಿ ಖಾತೆ ತೆರೆದುಕೊಟ್ಟಳು. ಅಲ್ಲಿಗೆ ಸಿಸ್ಟರಮ್ಮನಿಗೆ ಕಳೆದುಹೋದ ಬಾಗಿಲು ಮತ್ತೆ ಸಿಕ್ಕಿತು. ಬೆಳಿಗ್ಗೆ ಎದ್ದು, ಚಹಾ ಲೋಟ ಪಕ್ಕಕ್ಕಿಟ್ಟುಕೊಂಡು, ತನ್ನ ಕೈಯಲ್ಲಿ ಹುಟ್ಟಿದವರ ಪೈಕಿ ಆ ದಿನ ಯಾರ ಹುಟ್ಟುಹಬ್ಬವೋ ಅವರಿಗೆ ಶುಭಾಶಯ ಬರೆಯುವಳು. ಎರಡು ಮಾತು ಗೀಚಿ, ಒಂದು ಹೂವಿನ ಚಿತ್ರ ಅಂಟಿಸಿ ಕೈತೊಳೆದುಕೊಳ್ಳುವವಳಲ್ಲ ಅವಳು. ಹುಟ್ಟಿದ ಇಸವಿ, ಹೊತ್ತು, ತಾಯಿಯ ತವರಿನ ಹೆಸರು, ಮನೆಯಲ್ಲಿ ಕರೆಯುವ ಮುದ್ದಿನ ಹೆಸರು, ಎಲ್ಲವೂ ಇರಬೇಕು. ಇದನ್ನು ಯಾರು ನೋಡಬಹುದು ಎಂದು ಫೋನು ಕೇಳಿದಾಗ, ಎಲ್ಲರೂ ಎಂಬುದನ್ನು ಒತ್ತಿದ್ದಳು. ಬಾಗಿಲು ತೆರೆದ ಮೇಲೆ ಅಗಲಕ್ಕೇ ತೆರೆಯಬೇಕು.

ಮೀಸೆ ಬಂದು, ಹೊಟ್ಟೆಯೂ ಬಂದ ಗಂಡಸರು ತಾವು ಹುಟ್ಟುವಾಗ ಸಿಸ್ಟರಮ್ಮನ ಸೀರೆ ಒದ್ದೆ ಮಾಡಿದ ಕತೆ ಓದಿ, "ನನ್ನ ಮಾನ ಕಳೆದ್ರಲ್ಲಾ!" ಎಂದು ಬರೆಯುವರು. ಬರೆದು, ಅದನ್ನೇ ನಾಲ್ಕು ಜನಕ್ಕೆ ಕಳಿಸುವರು. ಜನಕ್ಕೆ ತಮ್ಮ ಕತೆ ಬೇರೆಯವರ ಬಾಯಲ್ಲಿ ಕೇಳುವಷ್ಟು ಖುಷಿ ಇನ್ನೊಂದಿಲ್ಲ.

ಪಕ್ಕದ ಬೀದಿಯ ಟೀಚರಮ್ಮನ ಹುಟ್ಟುಹಬ್ಬಕ್ಕೆ ಸಿಸ್ಟರಮ್ಮ ಹೆಚ್ಚು ಮನಸ್ಸಿಟ್ಟು ಬರೆದಿದ್ದಳು. ಕಾಲು ಮುಂದಾಗಿ ಬಂದ ಮೊಂಡಿ; ಹುಟ್ಟಿದ ಮೇಲೂ ಅಳದೆ ಎಲ್ಲರ ಜೀವವನ್ನು ಬಾಯಿಗೆ ತಂದಿದ್ದಳು; ಕೊನೆಗೆ ಒಂದು ಸಣ್ಣ ದನಿ ಬಂದಾಗ ಅವಳಮ್ಮ ಅಳುತ್ತಲೇ "ಗುಬ್ಬಿ" ಎಂದಿದ್ದಳು. ಮನೆಯಲ್ಲಿ ಅದೇ ಹೆಸರು ಉಳಿಯಿತು. ಆ ಅಮ್ಮ ತೀರಿಕೊಂಡ ಮೇಲಿನ ಮೊದಲ ಹುಟ್ಟುಹಬ್ಬ ಅದು. ಓದಿದ ಟೀಚರಮ್ಮ, ಅದು ತನಗೊಬ್ಬಳಿಗೇ ಬರೆದ ಮಾತೆಂದುಕೊಂಡು, ಓಡಿಬಂದು ಸಿಸ್ಟರಮ್ಮನನ್ನು ತಬ್ಬಿಕೊಂಡು ಅತ್ತಿದ್ದಳು.

ಈಗ ಅವಳು ಮತ್ತೆ ಬಂದಿದ್ದಳು. ಈ ಸಲದ ಅಳು ಬೇರೆಯದು.

ಯಾರೋ ಅವಳ ಜಾಲತಾಣದ ಖಾತೆಯೊಳಗೆ ನುಗ್ಗಿ, ಅವಳನ್ನೇ ಹೊರಗೆ ಹಾಕಿ, ಅವಳ ಹೆಸರು ಮತ್ತು ಫೋಟೋದ ಹಿಂದೆ ನಿಂತು ಶಾಲೆಯ ಮಕ್ಕಳ ತಂದೆಯಂದಿರಿಗೆ ಹೊಲಸು ಮಾತು ಬರೆದಿದ್ದರು. ಪ್ರತಿಯೊಂದರ ಕೆಳಗೂ "ನಿಮ್ಮ ಗುಬ್ಬಿ" ಎಂಬ ಸಹಿ. ವಿಚಾರಣೆ ಮುಗಿಯುವವರೆಗೆ ಶಾಲೆಯ ಕಡೆ ಬರಬೇಡಿ ಎಂದು ಹೆಡ್ ಮೇಡಂ ಹೇಳಿದ್ದರು. ನಾಳೆಯೇ ವಿಚಾರಣೆ.

"ಹೊರಗಿನವರ ಕೆಲಸ ಅಲ್ಲ ಸಿಸ್ಟರಮ್ಮ," ಟೀಚರಮ್ಮ ಮೂಗೊರೆಸಿಕೊಂಡಳು. "ಆ ಹೆಸರು ಮನೆಯವರಿಗೆ ಬಿಟ್ಟರೆ ಯಾರಿಗೆ ಗೊತ್ತು? ಅಮ್ಮ ಇಲ್ಲ. ಅಣ್ಣ ಅಂಥವನಲ್ಲ. ಉಳಿದೋರು ಅತ್ತಿಗೆ. ಮುಖದ ಮೇಲೇ ಕೇಳಿಬಿಟ್ಟೆ."

"ಏನಂದಳು?"

"'ಇನ್ನು ಆ ಹೆಸರು ನನ್ನ ಬಾಯಲ್ಲಿ ಬರೋದಿಲ್ಲ' ಅಂದರು. ಮಗೂನ ಎತ್ತಿಕೊಂಡು ತವರಿಗೆ ಹೋದರು. ಅಣ್ಣ ನನ್ನ ಹತ್ತಿರ ಮಾತಾಡ್ತಿಲ್ಲ."

ಸಿಸ್ಟರಮ್ಮನ ಪಿತ್ತ ನೆತ್ತಿಗೇರಿತು. "ಇದನ್ನ ಮಾಡಿದವರ ಕೈ ಸೇದಿಹೋಗಲಿ!" ಎಂದು ಶಪಿಸಿದಳು.

ಸಿಸ್ಟರಮ್ಮನ ಮಗಳು ಬ್ಯಾಂಕಿನ ಕೌಂಟರಿನಲ್ಲಿ ಕೂರುವವಳು. ಕೆಲಸದಿಂದ ಆಗತಾನೇ ಬಂದು, ಚಪ್ಪಲಿ ಬಿಡುತ್ತಲೇ ಇದನ್ನೆಲ್ಲ ಕೇಳಿಸಿಕೊಂಡಿದ್ದಳು. "ಅಕ್ಕಾ, ಪಾಸ್‌ವರ್ಡ್ ಮರೆತರೆ ಏನು ಪ್ರಶ್ನೆ ಕೇಳೋ ಹಾಗೆ ಇಟ್ಟಿದ್ರಿ?" ಎಂದಳು.

"ಖಾತೆ ತೆರೆದಾಗ ಯಾವಾಗಲೋ ಇಟ್ಟಿದ್ದು. ಅಮ್ಮನ ತವರಿನ ಹೆಸರು. ಚಿಕ್ಕಂದಿನ ಮುದ್ದಿನ ಹೆಸರು."

ಮಗಳು ತಾಯಿಯ ಮುಖ ನೋಡಿದಳು. ಮೇಜಿನ ಮೇಲಿದ್ದ ಅವಳ ಫೋನು ತೆಗೆದು, ಹಿಂದಕ್ಕೆ ಸರಿಸುತ್ತ ಹೋಗಿ, ಆ ಶುಭಾಶಯದ ಹತ್ತಿರ ನಿಲ್ಲಿಸಿ ಇಬ್ಬರ ನಡುವೆ ಇಟ್ಟಳು. ಹುಟ್ಟಿದ ದಿನ, ಆಸ್ಪತ್ರೆ, ತವರಿನ ಹೆಸರು, ಗುಬ್ಬಿ. ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರ ಒಂದೇ ಕಡೆ ಇತ್ತು. ಯಾರು ಬೇಕಾದರೂ ಓದಬಹುದಿತ್ತು.

ಟೀಚರಮ್ಮ ಅದನ್ನು ಓದಿ ಎದ್ದು ನಿಂತಳು. ಜಗಳವನ್ನಾದರೂ ಆಡಿದ್ದರೆ ಸಿಸ್ಟರಮ್ಮ ತಡೆದುಕೊಳ್ಳುತ್ತಿದ್ದಳು. ಅವಳು ಚಪ್ಪಲಿ ಮೆಟ್ಟಿಕೊಂಡು ನಡೆದುಬಿಟ್ಟಳು.

"ನಾನೇನು ಕದ್ದೆನಾ?" ಸಿಸ್ಟರಮ್ಮ ಮಗಳ ಮೇಲೆ ಹರಿಹಾಯ್ದಳು. "ಹರಸಿದೆ ಕಣೇ! ಹರಸೋದೂ ತಪ್ಪಾ?"

"ಹರಸಿದ್ದು ತಪ್ಪಲ್ಲಮ್ಮ. ಅವರ ಮನೆ ಬೀಗದ ಕೈ ತಗೊಂಡು ಹೋಗಿ ರಸ್ತೆಯಲ್ಲಿಟ್ಟು ಹರಸಿದ್ದೀಯ."

"ನನ್ನ ಬಾಗಿಲ ಹೊರಗೆ ಇದ್ದೋರು ಅಪ್ಪ, ಅಜ್ಜಿ, ಅತ್ತೆ... ಅಂಥೋರು ಕಣೇ."

"ಈ ಬಾಗಿಲ ಹೊರಗೆ ಯಾರಿದ್ದಾರೆ ಅಂತ ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ."

ಸಿಸ್ಟರಮ್ಮ ತನ್ನ ಬಲಗೈಯನ್ನು ತಿರುಗಿಸಿ ನೋಡಿಕೊಂಡಳು. ಅಷ್ಟು ಮಕ್ಕಳನ್ನು ಬೆಳಕಿಗೆ ತಂದ ಕೈ. ಇದೀಗ ಸೇದಿಹೋಗಲಿ ಎಂದು ತನ್ನ ಬಾಯಿಂದಲೇ ಶಾಪ ಪಡೆದ ಕೈ. ಅವಳಿಗೆ ನಿಜಕ್ಕೂ ಭಯವಾಯಿತು.

ಮರುದಿನ ಯಾರೂ ಕರೆಯದಿದ್ದರೂ ಶಾಲೆಗೆ ಹೋದಳು. ಹೆಡ್ ಮೇಡಂ ಕೋಣೆಯಲ್ಲಿ ಒಂದಿಷ್ಟು ತಂದೆತಾಯಿಗಳು ಗೋಡೆಗೆ ಒತ್ತಿ ಹಾಕಿದ ಕುರ್ಚಿಗಳಲ್ಲಿ ಕೂತಿದ್ದರು. ಟೀಚರಮ್ಮ ಮೇಜಿನ ಮುಂದೆ ನಿಂತಿದ್ದಳು. ಪಾಠ ಒಪ್ಪಿಸುವ ಹುಡುಗಿಯ ಹಾಗೆ ಕೈ ಕಟ್ಟಿಕೊಂಡಿದ್ದಳು. ಎಲ್ಲರಿಗಿಂತ ಜೋರಾಗಿ ಕೂಗಾಡುತ್ತಿದ್ದವನು ಫರ್ನಿಚರ್ ಅಂಗಡಿಯವನು. "ಖಾತೆ ಕದ್ದೋರಿಗೆ ಇವರ ಅಡ್ಡಹೆಸರು ಹೇಗೆ ಗೊತ್ತಾಯ್ತು ಅಂತ ಕೇಳಿ! ಇದೆಲ್ಲ ನೆಪ!"

"ನಾನು ಹೇಳಿದೆ," ಎಂದಳು ಸಿಸ್ಟರಮ್ಮ ಬಾಗಿಲಿನಿಂದಲೇ.

ಫೋನನ್ನು ಹೆಡ್ ಮೇಡಂ ಮುಂದೆ ಇಟ್ಟು ಓದಿಸಿದಳು. ತಾನು ಬರೆದದ್ದು, ಎಲ್ಲರೂ ಎಂದು ಒತ್ತಿದ್ದು, ಯಾವುದನ್ನೂ ಮುಚ್ಚಿಡಲಿಲ್ಲ. ಆಮೇಲೆ ಅಂಗಡಿಯವನ ಕಡೆ ತಿರುಗಿದಳು. "ನೀನೂ ನನ್ನ ಕೈಯಲ್ಲೇ ಹುಟ್ಟಿದೋನು ಕಣಪ್ಪ. ನಿಮ್ಮಮ್ಮನ ತವರಿನ ಹೆಸರು, ನಿನ್ನ ಮುದ್ದಿನ ಹೆಸರು, ಅವೂ ಅಲ್ಲೇ ಇವೆ. ಇವತ್ತು ಇವಳನ್ನ ನಿಲ್ಲಿಸಿದ್ದೀರಿ. ನಾಳೆ ಅದೇ ಜಾಗದಲ್ಲಿ ನಿನ್ನನ್ನ ನಿಲ್ಲಿಸಿದರೆ ಏನು ಹೇಳ್ತೀಯ?"

ಅಂಗಡಿಯವನು ಮೆಲ್ಲಗೆ ಜೇಬಿನಿಂದ ಫೋನು ತೆಗೆದ. ಅವನನ್ನು ನೋಡಿ ಪಕ್ಕದವನೂ ತೆಗೆದ.

ಟೀಚರಮ್ಮ ಮತ್ತೆ ತರಗತಿಗೆ ಹೋದಳು. ಪೊಲೀಸರು ದೂರು ಬರೆದುಕೊಂಡರು; ಕಳ್ಳ ಸಿಗಲಿಲ್ಲ. ತಪ್ಪಾಯಿತೆಂದು ಟೀಚರಮ್ಮ ಕೈಮುಗಿದ ಮೇಲೆ ಅತ್ತಿಗೆ ತವರಿನಿಂದ ಹಿಂದಿರುಗಿದಳು. ಆದರೆ ಬಾಯಿ ತುಂಬ ಗುಬ್ಬಿ ಎಂದು ಕರೆಯುತ್ತಿದ್ದವಳು, "ಟೀಚರ್‌ಗೆ ಊಟ ಇಟ್ಟಿದೆ ಅಂತ ಹೇಳು" ಎಂದು ಮಗುವಿನ ಕೈಯಲ್ಲಿ ಹೇಳಿಕಳಿಸುವಳು. ಅಣ್ಣನೂ ಆ ಹೆಸರು ಬಿಟ್ಟ. ಹೊಲಸಿನ ಕೆಳಗೆ ಸಹಿಯಾದ ಹೆಸರನ್ನು ಯಾರಿಗೂ ನಾಲಿಗೆಯ ಮೇಲೆ ತರಲು ಮನಸ್ಸಾಗಲಿಲ್ಲ.

ಇತ್ತ ಸಿಸ್ಟರಮ್ಮ ಬರೆದದ್ದನ್ನೆಲ್ಲ ಅಳಿಸುತ್ತ ಕೂತಳು. ಪ್ರತಿಯೊಂದಕ್ಕೂ ಫೋನು, ನಿಜವಾಗಿಯೂ ಅಳಿಸಬೇಕೇ ಎಂದು ಕೇಳುತ್ತಿತ್ತು. ಅವಳಿ ಮಕ್ಕಳ ಕತೆ ಹೋಯಿತು. ಲಿಫ್ಟಿನಲ್ಲೇ ಹುಟ್ಟಿದವನ ಕತೆ ಹೋಯಿತು. ಯಾರಾದರೂ ಆಗಲೇ ನಕಲು ಮಾಡಿಟ್ಟುಕೊಂಡಿದ್ದರೆ ಅಳಿಸಿ ಪ್ರಯೋಜನವಿಲ್ಲ ಎಂದು ಮಗಳು ಹೇಳಿದ್ದಳು. ಆದರೂ ಅಳಿಸಿದಳು.

ಟೀಚರಮ್ಮನ ಹುಟ್ಟುಹಬ್ಬ ಮತ್ತೆ ಬಂತು. ಬೆಳಿಗ್ಗೆ ಸಿಸ್ಟರಮ್ಮ ಬರಿಗೈಯಲ್ಲಿ ಅವರ ಮನೆಗೆ ನಡೆದಳು. ಟೀಚರಮ್ಮ ಬಾಗಿಲನ್ನು ಅರ್ಧ ತೆರೆದು, ಗುರುತು ಹಿಡಿದು, ಪೂರ್ತಿ ತೆರೆದಳು. ಸಿಸ್ಟರಮ್ಮ ಒಳಗೆ ಬಂದು ತಾನೇ ಬಾಗಿಲು ಮುಚ್ಚಿದಳು. ಅಡುಗೆಮನೆಯಿಂದ ಪಾತ್ರೆಯ ಸದ್ದು ಬರುತ್ತಿತ್ತು.

ಪಕ್ಕದಲ್ಲಿ ಕೂತು, ತಮ್ಮಿಬ್ಬರಿಗಷ್ಟೇ ಕೇಳುವಷ್ಟು ಮೆಲ್ಲಗೆ ಹೇಳಿದಳು. ಕಾಲು ಮುಂದಾಗಿ ಬಂದದ್ದು, ಅಳದೆ ಹೆದರಿಸಿದ್ದು, ಕೊನೆಗೆ ಬಂದ ಆ ಸಣ್ಣ ದನಿ. ಅಲ್ಲಿಗೆ ಬಂದು ನಿಲ್ಲಿಸಿದಳು.

"ಆಮೇಲೆ?" ಎಂದಳು ಟೀಚರಮ್ಮ.

"ಆಮೇಲೆ ನಿಮ್ಮಮ್ಮ ನಿನ್ನ ಮೊದಲನೇ ಸಲ ಕರೆದಳು."

"ಏನಂತ?"

"ನನ್ನ ಬಾಯಿಂದ ಬೇಡ ಕಣಮ್ಮ."

"ಅಮ್ಮ ಕೊಟ್ಟಿದ್ದು ಸಿಸ್ಟರಮ್ಮ." ಟೀಚರಮ್ಮ ಅವಳ ಕೈ ಹಿಡಿದುಕೊಂಡಳು. "ಕೆಲಸ ಉಳೀತು, ಮರ್ಯಾದೆ ಉಳೀತು. ಅದೊಂದನ್ನ ಮಾತ್ರ ಆ ಕಳ್ಳ ತಗೊಂಡೇ ಹೋದ. ಈಗ ಕೇಳಿದರೆ ನನಗೂ ಮೈಯೆಲ್ಲಾ ಮುದುಡುತ್ತೆ. ಆದರೂ ಯಾರೂ ಕರೆಯೋದಿಲ್ವಲ್ಲಾ ಅನ್ನಿಸುತ್ತೆ."

ಸಿಸ್ಟರಮ್ಮ ಬಾಯಿ ತೆರೆದಳು. ವಾರ್ಡಿನ ಬಾಗಿಲಲ್ಲಿ ಅಷ್ಟು ಹೆಸರು ಕೂಗಿದವಳಿಗೆ ಈ ಒಂದು ಹೆಸರು ಗಂಟಲಿನಿಂದ ಮೇಲೆ ಬರಲಿಲ್ಲ. ತಲೆ ತಗ್ಗಿಸಿದಳು.

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತು ಎಷ್ಟೋ ಹೊತ್ತಾಗಿತ್ತು. ಅತ್ತಿಗೆ ಒಳಗಿನಿಂದಲೇ, ಏನೂ ಆಗದವಳ ಹಾಗೆ, ಎಂದಿನ ದನಿಯಲ್ಲಿ ಕರೆದಳು:

"ಗುಬ್ಬೀ, ಚಹಾ ಆಯ್ತು. ಸಿಸ್ಟರಮ್ಮನಿಗೆ ತಗೊಂಡು ಹೋಗು ಬಾ."

ಟೀಚರಮ್ಮ ತಕ್ಷಣ ಏಳಲಿಲ್ಲ. ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಆಮೇಲೆ "ಬಂದೆ ಅತ್ತಿಗೆ" ಎಂದು ಎದ್ದು ಒಳಗೆ ಹೋದಳು.