ಕಚಗುಳಿ ಹೊಟ್ಟೆಯ ಸ್ಕ್ಯಾನ್

ಬೇರೆಯವರ ಹೊಟ್ಟೆ ನೋಡಿ ನನ್ನ ಹೊಟ್ಟೆ ಹೊರೆದುಕೊಳ್ಳುವವಳು ನಾನು. ಸ್ಕ್ಯಾನಿಂಗ್ ಡಾಕ್ಟರು. ಕಿಟಕಿಗೆ ಕಪ್ಪು ಪರದೆ ಹಾಕಿದ ಕೋಣೆಯಲ್ಲಿ ಕೂತು ಕೂತು ನನ್ನ ಮುಖವೂ ಅದರ ಹಾಗೇ ಆಗಿದೆ ಎಂದು ನರ್ಸಮ್ಮ ಹೇಳುತ್ತಾಳೆ. ಹೇಳಿಕೊಳ್ಳಲಿ. ಬಂದವರೆಲ್ಲ ಮಗುವಿನ ಮೂಗು ತೋರಿಸಿ, ಕೈ ತೋರಿಸಿ ಎಂದು ಪ್ರಾಣ ತಿನ್ನುತ್ತಾರೆಯೇ ಹೊರತು, ಆ ಮಗುವಿಗೆ ಒಳಗೆ ಅನ್ನ ನೀರು ಕೊಡುವ ಮಾಸು ಹೇಗಿದೆ ಎಂದು ಒಬ್ಬರಾದರೂ ಕೇಳಿದ್ದುಂಟೇ? ಅದಕ್ಕೇ ನಾನು ಮೊದಲು ಮಾಸು ನೋಡುತ್ತೇನೆ. ಹೊಕ್ಕುಳಬಳ್ಳಿ ಅದಕ್ಕೆ ಎಲ್ಲಿ ಅಂಟಿಕೊಂಡಿದೆ ಎಂದು ನೋಡುತ್ತೇನೆ. ಮೂಗು ಆಮೇಲೆ.

ಆ ದಿನ ಬಂದ ಬಸುರಿ ಒಬ್ಬಳೇ ಬರಲಿಲ್ಲ. ಜೊತೆಗೆ ಗಂಡ, ಬಸ್ ಕಂಡಕ್ಟರು. ಅತ್ತೆ, ನಿವೃತ್ತ ಹೆಡ್‌ಮಿಸ್ಟ್ರೆಸ್ಸು. ಹೊಟ್ಟೆಗೆ ಜೆಲ್ ಹಚ್ಚಿ ಸ್ಕ್ಯಾನಿನ ಹಿಡಿಕೆ, ಅದೇ ಪ್ರೋಬ್, ಇಟ್ಟೆನೋ ಇಲ್ಲವೋ, ಹುಡುಗಿ ಕಿಸಕ್ಕೆಂದಳು. ಕೊಂಚ ಒತ್ತಿದೆ. ಬಿದ್ದು ಬಿದ್ದು ನಕ್ಕಳು.

"ಅಯ್ಯೋ ಮೇಡಂ, ಕಚಗುಳಿ! ಟೈಲರ್ ಅಳತೆ ತಗೊಂಡ್ರೂ ನಂಗೆ ಹೀಗೇ ಆಗೋದು."

ನಾನೇನು ರವಿಕೆ ಹೊಲಿಯಲು ಕೂತಿದ್ದೇನೆಯೇ? ಹಲ್ಲು ಕಚ್ಚಿಕೊಂಡು ಮುಂದುವರಿಸಿದೆ. ನಗುವಿಗೂ ನಗುವಿಗೂ ನಡುವೆ ಒಂದು ಕ್ಷಣ ಹೊಟ್ಟೆ ನಿಂತಾಗ ಕಂಡದ್ದು ನೋಡಿ ಕುರ್ಚಿಯನ್ನು ಮಾನಿಟರಿನ ಹತ್ತಿರಕ್ಕೆ ಎಳೆದುಕೊಂಡೆ. ಮಾಸು ಗರ್ಭಕೋಶದ ಒಂದು ಗೋಡೆಗಿತ್ತು, ಸರಿ. ಎದುರು ಗೋಡೆಗೆ ಇನ್ನೊಂದು ಪುಟ್ಟ ತುಣುಕು, ಮರಿ ಮಾಸು. ಇದು ಅಪರೂಪ. ಎರಡರ ನಡುವೆ ರಕ್ತನಾಳ ಇರಲೇಬೇಕು. ಅದೇನಾದರೂ ಗರ್ಭಕೋಶದ ಬಾಯಿಗೆ ಅಡ್ಡವಾಗಿ ಹೋಗಿದ್ದರೆ, ಹೆರಿಗೆಯಲ್ಲಿ ನೀರಿನ ಚೀಲ ಒಡೆಯುವಾಗ ನಾಳವೂ ಹರಿಯಬಹುದು. ಹರಿದರೆ ಹೋಗುವುದು ಮಗುವಿನ ರಕ್ತ. ಮಗು ಕೈಗೆ ದಕ್ಕುವುದು ಕಷ್ಟ. ಮೊದಲೇ ಗೊತ್ತಾದರೆ, ನೋವು ಬರುವ ಮುಂಚೆ ಆಪರೇಷನ್ ಮಾಡಿ ಉಳಿಸಿಕೊಳ್ಳಬಹುದು. ಗೊತ್ತಾಗಬೇಕಾದರೆ ಈ ಹೊಟ್ಟೆ ಸುಮ್ಮನಿರಬೇಕು.

ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಗುಂಡಿ ಒತ್ತಿದೆ. ಅವಳು ನಕ್ಕಳು. ಮಾನಿಟರಿನ ಪರದೆ ತುಂಬ ಕೆಂಪು ನೀಲಿ ಚೆಲ್ಲಾಡಿತು.

"ಒಂಚೂರು ಅಲ್ಲಾಡದೆ ಇರಮ್ಮಾ."

"ಹೋಲ್ಡಾನ್!" ಎಂದು ಗಂಡ ಕೂಗಿದ. ಬಸ್ಸಾಗಿದ್ದರೆ ನಿಲ್ಲುತ್ತಿತ್ತು. ಹೆಂಡತಿಯ ನಗು ಇನ್ನೂ ಜೋರಾಯಿತು.

ಅತ್ತೆ ಎದ್ದು ನಿಂತರು. "ಎಲ್ರೂ ಬಾಯಿ ಮೇಲೆ ಬೆರಳು!"

ಬಸುರಿ ಬೆರಳಿಟ್ಟಳು. ಗಂಡ ಇಟ್ಟ. ನರ್ಸಮ್ಮನೂ ಇಟ್ಟಳು. ನನ್ನ ಎಡಗೈ ಅರ್ಧಕ್ಕೆ ಹೋಗಿದ್ದನ್ನು ಕಷ್ಟಪಟ್ಟು ಎಳೆದುಕೊಂಡೆ. ಹುಡುಗಿ ನಮ್ಮ ಮುಖಗಳನ್ನು ಒಂದು ಸುತ್ತು ನೋಡಿದಳು, ಅಷ್ಟೇ. ಮಂಚ ಕಿರುಗುಟ್ಟುವಷ್ಟು ನಗು.

"ಏನಾದ್ರೂ ದುಃಖದ್ದು ನೆನಪು ಮಾಡ್ಕೊಳ್ಳೇ," ಎಂದ ಗಂಡ. "ನಮ್ಮಜ್ಜಿ ತೀರ್ಕೊಂಡಿದ್ದು."

"ಆವತ್ತು ನೀವು ಅಳ್ತಾ ಅಳ್ತಾ ಪಕ್ಕದ್ಮನೆಗೆ ನುಗ್ಗಿ, ಮಲಗಿದ್ದ ಅವರಜ್ಜೀನ ತಬ್ಕೊಂಡ್ರಲ್ಲ!" ಎಂದು ಅವಳು ಮತ್ತೆ ಶುರುಮಾಡಿದಳು. ಈ ಸಲ ಅತ್ತೆಯ ಬೆರಳೂ ಬಾಯಿಂದ ಜಾರಿತು.

ನನಗೆ ಪಿತ್ತ ನೆತ್ತಿಗೇರಿತು. ನನ್ನ ಅನುಮಾನ ಹೇಳಿ ಹೆದರಿಸಿದರೆ ನಗು ನಿಲ್ಲುತ್ತದೆ, ಗೊತ್ತು. ಆದರೆ ಕಣ್ಣಾರೆ ಕಾಣದ್ದನ್ನು ಹೇಳಿ ಬಸುರಿಯ ನಿದ್ದೆ ಕೆಡಿಸಲು ನನಗೆ ಮನಸ್ಸು ಬರಲಿಲ್ಲ.

"ಕೈ ಕೊಡಮ್ಮಾ ಇಲ್ಲಿ. ಪ್ರೋಬ್ ನೀನೇ ಹಿಡ್ಕೋ. ನಮಗೆ ನಾವೇ ಕಚಗುಳಿ ಇಟ್ಕೊಂಡ್ರೆ ನಗು ಬರಲ್ಲ."

ಅವಳು ಹಿಡಿದಳು. ಅವಳ ಕೈ ಮೇಲೆ ನನ್ನ ಕೈ ಇಟ್ಟು ಮೆಲ್ಲಗೆ ಕೆಳಗೆ ಸರಿಸಿದೆ. ಹೊಟ್ಟೆ ತೆಪ್ಪಗಾಯಿತು. ಪರದೆಯ ಮೇಲೆ, ಗರ್ಭಕೋಶದ ಬಾಯಿಗೆ ಅಡ್ಡಲಾಗಿ, ತೆಳ್ಳಗಿನ ಕೆಂಪು ಗೆರೆಯೊಂದು ಮಿಡಿಯುತ್ತಿತ್ತು. ಶಬ್ದ ಹಾಕಿದೆ. ಟಕಟಕಟಕ ಎಂದು ಓಡುವ ಬಡಿತ.

"ಮಗುವಿನ ಎದೆ ಬಡಿತ!" ಎಂದು ಅತ್ತೆ ಚಪ್ಪಾಳೆ ತಟ್ಟಿದರು. ಗಂಡ "ರೈಟ್, ರೈಟ್!" ಎಂದ. ನರ್ಸಮ್ಮ ಮಾತ್ರ ನನ್ನ ಮುಖ ನೋಡಿದಳು.

"ಬಡಿತ ಮಗೂದೇ," ಎಂದೆ. "ಆದ್ರೆ ಮಗುವಿನ ಎದೆ ಇಲ್ಲಿಲ್ಲ. ಮೇಲಿದೆ. ಇದು ಅಡ್ಡ ಬಿದ್ದಿರೋ ನಾಳದಲ್ಲಿ ಓಡ್ತಿರೋ ಅದರ ರಕ್ತ."

ಚಪ್ಪಾಳೆ ನಿಂತಿತು. ಎಲ್ಲವನ್ನೂ ಬಿಡಿಸಿ ಹೇಳಿದೆ. ಹುಡುಗಿ ಪ್ರೋಬನ್ನು ಗಟ್ಟಿಯಾಗಿ ಹಿಡಿದುಕೊಂಡೇ ಇದ್ದಳು.

"ನಾನು ನಕ್ರೆ ಅದು ಹರಿಯುತ್ತಾ ಮೇಡಂ?"

"ನಗೋದ್ರಿಂದ ಏನೂ ಆಗಲ್ಲ ಕಣಮ್ಮಾ. ನೀರು ಒಡೀಬಾರ್ದು, ನೋವು ಶುರುವಾಗ್ಬಾರ್ದು. ಅದಕ್ಕೆ ಮುಂಚೆ ಮಗೂನ ತೆಗೀತೀವಿ."

ಹೇಳಿದ್ದು ಅವಳ ತಲೆಗೆ ಹೋಯಿತು, ಉಳಿದಿಬ್ಬರ ತಲೆಗೆ ಹೋಗಲಿಲ್ಲ. ಆಮೇಲೆ ಮಾಡಿದ ಸ್ಕ್ಯಾನುಗಳಲ್ಲೂ ಆ ನಾಳ ಜಾಗ ಬಿಟ್ಟು ಕದಲಲಿಲ್ಲ. ಮುಂಚಿತವಾಗಿಯೇ ಅವಳನ್ನು ವಾರ್ಡಿಗೆ ಸೇರಿಸಿಕೊಂಡೆವು. ಸೊಸೆ ನಗಬಾರದೆಂದು ಅತ್ತೆ ಮಂಚದ ಪಕ್ಕ ಕೂತು ಹದಿಮೂರರ ಮಗ್ಗಿ ಒಪ್ಪಿಸುತ್ತಿದ್ದರು. ಗಂಡ ದಿನಾ ಹರಳೆಣ್ಣೆ ಕುಡಿದವನ ಮುಖ ಮಾಡಿಕೊಂಡು ಬಂದು, "ಊಟ ಆಯ್ತಾ?" ಎಂದು ಮಾತ್ರ ಕೇಳಿ ಗೋಡೆಗೆ ತಿರುಗಿ ನಿಲ್ಲುತ್ತಿದ್ದ. ಅವರಿಬ್ಬರನ್ನು ನೋಡಿ ಅವಳು ದಿಂಬಿಗೆ ಮುಖ ಒತ್ತಿಕೊಂಡು ನಗುತ್ತಿದ್ದಳು. ಪಕ್ಕದ ಮಂಚದವಳಿಗೆ ಮಗ್ಗಿ ಬಾಯಿಪಾಠವಾಯಿತು.

ಆಪರೇಷನ್ ಥಿಯೇಟರಿನಲ್ಲಿ ನನಗೇನೂ ಕೆಲಸವಿರಲಿಲ್ಲ. ಆದರೂ ಹೋಗಿ ಮೂಲೆಯಲ್ಲಿ ನಿಂತೆ. ಹೆಣ್ಣುಮಗು. ಹೊರಬಂದದ್ದೇ ಕಟ್ಟಡ ಹಾರಿಹೋಗುವಂತೆ ಕಿರುಚಿತು. ಎಲ್ಲರೂ ಅತ್ತ ಓಡಿದರು. ನಾನು ಟ್ರೇಯಲ್ಲಿದ್ದ ಮಾಸಿನ ಬಳಿ ಹೋದೆ. ದೊಡ್ಡದೊಂದು, ಮರಿಯೊಂದು. ನಡುವಿನ ತೆಳು ಪೊರೆಯಲ್ಲಿ ಯಾವ ಆಸರೆಯೂ ಇಲ್ಲದೆ ಹಾದುಹೋದ ನಾಳ. ಈ ತುದಿಯಿಂದ ಆ ತುದಿಯವರೆಗೆ ಬೆರಳಾಡಿಸಿ ನೋಡಿದೆ. ಎಲ್ಲೂ ಹರಿದಿರಲಿಲ್ಲ.

ಅಷ್ಟಕ್ಕೇ ಕಣ್ಣು ತುಂಬಿ ಬಂತು. ಒರೆಸಿಕೊಳ್ಳೋಣವೆಂದರೆ ಕೈಯಲ್ಲಿ ಗ್ಲೌಸು. ಹಾಗೇ ಹೊರಗೆ ಬಂದೆ. ನನ್ನ ಮುಖ ನೋಡಿದ್ದೇ ಕಂಡಕ್ಟರು ಗೋಡೆಗೆ ಒರಗಿ ಕುಸಿದು ಕೂತ. ಅತ್ತೆಯ ಬೆರಳು ತಾನಾಗಿಯೇ ಬಾಯಿ ಮೇಲೆ ಹೋಯಿತು.

"ಏನಾಯ್ತು ಡಾಕ್ಟ್ರೇ?" ಎಂದು ಅವನು ನೆಲದಿಂದಲೇ ಕೇಳಿದ.

"ಏನೂ ಆಗಿಲ್ಲ ಕಣಪ್ಪಾ," ಎಂದು ಬಿಕ್ಕಿದೆ. "ಏನೂ ಆಗ್ಲಿಲ್ವಲ್ಲಾ ಅಂತಲೇ ಅಳ್ತಿರೋದು."