ಬಾಗಿಲು ಹಾಕಿಕೊಂಡಾಗಲೆಲ್ಲ

ಹಸಿರು, ಹಸಿರು, ಇನ್ನೂ ಹಸಿರೇ, ಮಿಣುಕಬೇಡ ತಾಯಿ, ನಿನ್ನ ದಮ್ಮಯ್ಯ ಅಂತೀನಿ, ಕಪಾಟಿನ ಮೇಲೆ ಆ ಬಿಳಿ ರೌಟರ್ ಎರಡು ಆಂಟೆನಾ ನಿಗುರಿಸಿಕೊಂಡು ಮೊಲದ ಹಾಗೆ ಕೂತಿದೆ, ಮೂಲೆಯ ಪುಟ್ಟ ದೀಪ ಹಸಿರಿದ್ದರೆ ಇಂಟರ್ನೆಟ್ ಇದೆ, ಕೆಂಪಾದರೆ ಇಲ್ಲ, ಎಷ್ಟು ಸಲೀಸು — ನನ್ನ ಹಣೆಯ ಮೇಲೂ ಅಂಥದ್ದೊಂದು ದೀಪ ಇದ್ದಿದ್ದರೆ ಜನ ದೂರದಿಂದಲೇ ನೋಡಿಕೊಳ್ಳುತ್ತಿದ್ದರು, ಕೆಂಪಿದೆ, ಈಗ ಈ ಹುಡುಗಿಯನ್ನು ಮಾತಾಡಿಸುವುದು ಬೇಡ ಅಂತ. ಹನ್ನೊಂದಕ್ಕೆ ಮೇಡಂ ಕರೆ ಮಾಡುತ್ತಾರೆ, ಸಂದರ್ಶನ, ಎರಡನೇ ಸಲ, ಮೊದಲನೇ ಸಲ ಅವರು ನಿಮ್ಮ ಬಗ್ಗೆ ಸ್ವಲ್ಪ ಹೇಳಿ ಅಂದರು, ನಾನು ಬಾಯಿ ತೆರೆದೆ, ತೆರೆದ ಬಾಯಿ ಹಾಗೇ ನಿಂತುಬಿಟ್ಟಿತಂತೆ ಅವರ ಪರದೆಯ ಮೇಲೆ, ದಂತವೈದ್ಯರ ಮುಂದೆ ಕೂತವಳ ಹಾಗೆ, ಆಮೇಲೆ ಪೂರ್ತಿ ಕತ್ತಲು. ಒಳ್ಳೆಯವರು, ಮೇಲ್ ಬರೆದರು, ಇದು ಮನೆಯಿಂದಲೇ ಮಾಡುವ ಕೆಲಸ, ಲೈನ್ ನಿಲ್ಲದಿದ್ದರೆ ಹೇಗೆ, ಇನ್ನೊಂದು ಸಲ ನೋಡೋಣ, ಅದೇ ಕೊನೆ. ಕಿವಿ ಕೇಳದವರಿಗಾಗಿ ವಿಡಿಯೋಗಳ ಕೆಳಗೆ ಮಾತನ್ನೆಲ್ಲ ಅಕ್ಷರ ಮಾಡಿ ಕೂರಿಸುವ ಕೆಲಸ, ಇಡೀ ದಿನ ಬೇರೆಯವರು ಮಾತಾಡುತ್ತಾರೆ, ನಾನು ಕೇಳಿಸಿಕೊಂಡು ಬರೆದರೆ ಸಾಕು, ಇಂಥದ್ದೊಂದು ಕೆಲಸ ಭೂಮಿಯ ಮೇಲೆ ಇದೆ ಅಂತ ಗೊತ್ತಾದ ದಿನ ಡೈರಿಯಲ್ಲಿ ಒಂದೇ ಸಾಲು ಬರೆದೆ, ನನಗಾಗಿಯೇ ಮಾಡಿಟ್ಟಿದ್ದಾರೆ, ಆದರೆ ಅದರ ಹೊಸಿಲು ದಾಟುವುದಕ್ಕೆ ಮೊದಲು ಮಾತಾಡಬೇಕಲ್ಲ, ದೇವರೇ, ನನ್ನ ಬಗ್ಗೆಯೇ ಮಾತಾಡಬೇಕಲ್ಲ.

ಮತ್ತೆ ಲೈನ್ ಹೋದರೆ — ಹೋಗುವುದು ಸರಿ, ಆದರೆ ಅದು ನಾನು ಮಾತಾಡುವಾಗಲೇ ಯಾಕೆ ಹೋಗಬೇಕು, ಹಗಲೆಲ್ಲ ಕೂತು ಓದುತ್ತೇನೆ, ಬರೆಯುತ್ತೇನೆ, ಆಗೆಲ್ಲ ದೀಪ ಸಾಧುಪ್ರಾಣಿ, ಯಾರಾದರೂ ಕರೆ ಮಾಡಲಿ, ನಾನು ಹಲೋ ಅನ್ನಲಿ, ಕೆಂಪು. ಅಮ್ಮನಿಗೆ ಹೇಳೋಣವೆಂದು ಹೊರಗೆ ಹೋಗಿ ಬರುವಷ್ಟರಲ್ಲಿ ಮತ್ತೆ ಹಸಿರು, ಏನೂ ಆಗೇ ಇಲ್ಲ ಅನ್ನುವ ಮುಖ. ರೀಸ್ಟಾರ್ಟ್ ಅಣ್ಣ ಮೂರು ಸಲ ಬಂದು ಹೋದ, ಕೇಬಲ್ ಕಂಪನಿಯವನು, ಹೆಸರು ಬೇರೆ ಇದೆ, ಬಂದ ತಕ್ಷಣ ರೀಸ್ಟಾರ್ಟ್ ಮಾಡಿದ್ರಾ ಅಂತ ಕೇಳುವುದರಿಂದ ಅಜ್ಜಿ ಇಟ್ಟ ಹೆಸರು, ಬಂದಾಗಲೆಲ್ಲ ಎಲ್ಲ ಚೆನ್ನಾಗಿರುತ್ತದೆ, ಅಮ್ಮ ಬಾಗಿಲಲ್ಲೇ ನಿಂತಿರುತ್ತಾಳೆ, ಹೊರಗಿನ ಗಂಡಸು ಮಗಳ ಕೋಣೆಯಲ್ಲಿದ್ದಾಗ ಬಾಗಿಲು ತೆಗೆದು ಹೊಸಿಲ ಮೇಲೆ ನಿಲ್ಲುವುದು ಅಮ್ಮನ ಪದ್ಧತಿ, ಅವನು ವೇಗ ಅಳೆದು ತೋರಿಸುತ್ತಾನೆ, ನೋಡಿ ಮೇಡಂ, ಓಡ್ತಾ ಇದೆ ಕುದುರೆ ಹಾಗೆ, ನಿಮ್ಮ ಲ್ಯಾಪ್‌ಟಾಪೇ ಹಳೇದಿರಬೇಕು, ಇಲ್ಲಾಂದ್ರೆ ಪಕ್ಕದ ಮನೆ ಮೈಕ್ರೋವೇವ್. ಪಕ್ಕದ ಮನೆಯವರು ನಾನು ಬಾಯಿ ತೆರೆದಾಗಲೇ ಅನ್ನ ಬಿಸಿ ಮಾಡುತ್ತಾರಾ ಅಂತ ಕೇಳಬೇಕಿತ್ತು, ಕೇಳಲಿಲ್ಲ, ಮಾತು ಹೊಳೆಯುವುದು ಅವನು ಮೆಟ್ಟಿಲಿಳಿದ ಮೇಲೆ. ಪ್ಲಗ್ಗಿನ ವೈರು ಬದಲಾಯಿಸಿದೆವು, ರೌಟರನ್ನು ಕಿಟಕಿಗೆ ಸರಿಸಿ ಮತ್ತೆ ಕಪಾಟಿಗೇ ತಂದೆವು, ಪಾಸ್‌ವರ್ಡ್ ಬದಲಾಯಿಸಿದೆವು, ಮೊಬೈಲ್ ಸಿಗ್ನಲ್ ನಂಬೋಣವೆಂದರೆ ಅದು ಈ ಮನೆಯೊಳಗೆ ಕಾಲಿಡುವುದಿಲ್ಲ. ನೀನು ಬಾಯಿ ಬಿಟ್ರೆ ನೆಟ್ಟು ಬಾಯಿ ಮುಚ್ಚುತ್ತೆ ಕಣೇ ಗುಮ್ಮಿ, ಅಜ್ಜಿ, ಗುಮ್ಮನಗುಸುಕಿಯನ್ನು ಮುದ್ದಿಗೆ ಮೊಟಕು ಮಾಡಿ ಗುಮ್ಮಿ. ಅದು ತಮಾಷೆ, ನಕ್ಕೆ. ಆದರೆ ಅಪ್ಪ, ಮೊನ್ನೆ ಊಟಕ್ಕೆ ಕೂತಾಗ, ತಟ್ಟೆ ನೋಡುತ್ತಾ, ಮೆಲ್ಲಗೆ — ಬೇಜಾರು ಮಾಡ್ಕೋಬೇಡಮ್ಮ, ಭಯ ಆಗಿ ನೀನೇ ಆಫ್ ಮಾಡ್ತಾ ಇಲ್ಲ ತಾನೇ? ಇಲ್ಲ ಅಂದೆ. ಅಮ್ಮ ಉಪ್ಪಿನ ಡಬ್ಬಿ ಸರಿಸಿದಳು, ಯಾರಿಗೂ ಬೇಕಿರಲಿಲ್ಲ ಉಪ್ಪು. ಇಲ್ಲ ಅಂದೆ, ನಿಜ, ಆದರೆ ಪರದೆ ಕತ್ತಲಾದ ಆ ಕ್ಷಣ ಎದೆಯೊಳಗೆ ಏನೋ ಒಂದು ಅಬ್ಬಾ ಅಂತ ಕಾಲು ಚಾಚಿ ಕೂತಿತ್ತಲ್ಲ, ಅದು ಯಾರು, ಮನಸ್ಸು ಅಷ್ಟು ಬಲವಾಗಿ ಬೇಡ ಅಂದರೆ ದೀಪಕ್ಕೆ ಕೇಳಿಸುತ್ತದೆಯಾ, ಹುಚ್ಚು ಯೋಚನೆ, ಆದರೂ ಅವತ್ತಿನಿಂದ ಈ ಡಬ್ಬಿಯ ಹತ್ತಿರ ಹೋಗುವಾಗ ಕೈ ಹಿಂದೆ ಕಟ್ಟಿಕೊಳ್ಳುತ್ತೇನೆ, ಸಾಕ್ಷಿ ಇರಲಿ ಅಂತ, ಯಾರಿಗೆ ಸಾಕ್ಷಿ.

ಇನ್ನು ಸ್ವಲ್ಪ ಹೊತ್ತು ಅಷ್ಟೇ, ಒಂದು ಸಲ ಹೇಳಿ ನೋಡಿಕೊಳ್ಳೋಣ, ಬಾಗಿಲು ಹಾಕಿ, ಈ ಬಾಗಿಲು ಸುಮ್ಮನೆ ಬೀಳುವುದಿಲ್ಲ, ಉಬ್ಬಿಕೊಂಡಿದೆ, ಭುಜ ಕೊಟ್ಟು ನೂಕಬೇಕು, ಟಕ್, ಹಾಂ, ನಮಸ್ಕಾರ ಮೇಡಂ, ನಾನು ಪದವಿ ಮುಗಿಸಿ, ಪದವಿ ಮುಗಿಸಿ ಈಗ ಮನೆಯಲ್ಲೇ — ಕೆಂಪು. ಅಯ್ಯೋ, ಕೆಂಪು, ಗೋಡೆಯ ಜೊತೆ ಮಾತಾಡಿದರೂ ಕೆಂಪಾ, ಅಂದರೆ ನಾನೇ, ನನ್ನ ದನಿಯೇ, ಧಡ್ ಧಡ್ ಧಡ್, ಅಜ್ಜಿ ಬಾಗಿಲು ಬಡಿಯುತ್ತಾಳೆ, ತನಗೆ ಕೇಳುವಷ್ಟು ಜೋರಾಗಿ, ಏ ಗುಮ್ಮಿ, ನನ್ನ ಕನ್ನಡಕ ಒಳಗಿದೆ. ತೆಗೆದೆ. ಬಂದಳು, ದಿಂಬಿನ ಕೆಳಗೆ ತಡಕಿದಳು, ಹಿಮ್ಮಡಿ ನೋವಿಗೆ ಡಾಕ್ಟರ್ ಮನೆಯೊಳಗೂ ಹಾಕಿಕೊಳ್ಳಿ ಅಂದ ನೀಲಿ ರಬ್ಬರ್ ಚಪ್ಪಲಿ, ಚಟ್ ಚಟ್, ಏನೇ ಮುಖ ಹೀಗಿದೆ, ಅವರೇನು ನುಂಗ್ತಾರಾ ನಿನ್ನ, ನುಂಗಿದ್ರೂ ಗಂಟಲಲ್ಲಿ ಸಿಕ್ಕೊಳ್ತೀಯ ಬಿಡು, ನಿನ್ನ ಮಾತಿನ ಹಾಗೆ, ಅಂದು ಹೊರಗೆ ಹೋಗುತ್ತಾ ಬಾಗಿಲನ್ನು ತಾನೇ ಎಳೆದುಕೊಂಡಳು, ಕೂಸು ಮಾತಾಡಬೇಕು ಅಂತ, ಈ ಮನೆಯಲ್ಲಿ ಎಲ್ಲರೂ ನನಗಾಗಿ ಬಾಗಿಲು ಎಳೆಯುತ್ತಾರೆ, ಎಳೆದ ರಭಸಕ್ಕೆ ಒಂದು ಚಪ್ಪಲಿ ಕಾಲಿಂದ ಕಳಚಿ ಸಂದಿಯಲ್ಲಿ ಸಿಕ್ಕಿಕೊಂಡಿತು, ಆಚೆ ಅಜ್ಜಿಯ ಗೊಣಗು, ಈಚೆ ನೀಲಿ ಮೂತಿ, ನಗು ಬಂತು, ತಿರುಗಿ ನೋಡಿದರೆ ಹಸಿರು. ಅಜ್ಜಿ ಕಾಲಲ್ಲೇ ಚಪ್ಪಲಿ ಎಳೆದುಕೊಂಡು ಬಾಗಿಲಿಗೆ ಇನ್ನೊಂದು ಜಗ್ಗು ಕೊಟ್ಟಳು, ಟಕ್. ಕೆಂಪು. ನಾನು ಮಾತೇ ಆಡಿಲ್ಲ. ಉಸಿರು ಕೂಡ — ನಾನು ಮಾತೇ ಆಡಿಲ್ಲವಲ್ಲ. ಬಾಗಿಲು ತೆಗೆದೆ, ಕಾದೆ, ಹಸಿರು. ಅಜ್ಜೀ ಆ ಚಪ್ಪಲಿ ಕೊಡು. ಯಾಕೆ, ನನಗೇ ಹೊಡೀತೀಯಾ? ಕೊಡು ಅಜ್ಜಿ ಒಂದ್ನಿಮಿಷ. ಸಂದಿಯಲ್ಲಿ ಚಪ್ಪಲಿ ಇಟ್ಟು ನೂಕಿದರೆ ಹಸಿರು, ತೆಗೆದು ಒತ್ತಿದರೆ ಕೆಂಪು, ಇಟ್ಟರೆ ಹಸಿರು, ಅಪ್ಪಾ, ಅಪ್ಪಾ ಬಾ ಇಲ್ಲಿ, ನನ್ನದೇ ದನಿ ಅಷ್ಟು ದೊಡ್ಡದಾಗಿ, ಅಪ್ಪ ಅರ್ಧ ಕ್ಷೌರದ ಕೆನ್ನೆಯಲ್ಲೇ ಓಡಿ ಬಂದ. ಬಾಗಿಲಿನ ಕೀಲಿನ ಪಕ್ಕ, ಚೌಕಟ್ಟಿನ ಸಂದಿಯಲ್ಲಿ, ಹಜಾರದಿಂದ ಒಳಗೆ ಬರುವ ತೆಳ್ಳನೆಯ ವೈರು, ಬಾಡಿಗೆ ಮನೆ, ಗೋಡೆಗೆ ತೂತು ಹೊಡೆಯಬಾರದು ಅಂತ ಮಾಲೀಕರು ಹೇಳಿದ್ದಕ್ಕೆ ಅಪ್ಪನೂ ರೀಸ್ಟಾರ್ಟ್ ಅಣ್ಣನೂ ಸೇರಿ ಬುದ್ಧಿವಂತಿಕೆಯಿಂದ ತೂರಿಸಿದ್ದು, ಬಾಗಿಲು ಪೂರ್ತಿ ಬಿದ್ದರೆ ಅದರ ಕುತ್ತಿಗೆ ಮುರಿದ ಹಾಗೆ ಮಡಚಿಕೊಳ್ಳುತ್ತದೆ, ಅಲ್ಲಿ ಉಗುರಿನ ಗುರುತಿನ ಹಾಗೆ ಒಂದು ಗೆರೆ. ಅಪ್ಪ ಅದನ್ನು ಮುಟ್ಟಿ ನೋಡಿದ, ಬಾಗಿಲು ನೋಡಿದ, ಆಮೇಲೆ ನನ್ನನ್ನು ನೋಡಲಾರದೆ ಮತ್ತೆ ಬಾಗಿಲು ನೋಡಿದ, ಕೆನ್ನೆಯ ನೊರೆ ತೊಟ್ಟಿಕ್ಕುತ್ತಿತ್ತು, ಥೂ, ನಾನೊಬ್ಬ, ಅಂದ, ಅಷ್ಟೇ, ನನಗೆ ಅಷ್ಟು ಸಾಕಿತ್ತು. ರಾತ್ರಿ ಅಜ್ಜಿ ಎದ್ದೇಳುತ್ತಾಳೆಂದು ಬಾಗಿಲು ಓರೆ, ಓದುವಾಗ ಓರೆ, ಪೂರ್ತಿ ಹಾಕಿಕೊಳ್ಳುವುದು ಮಾತಾಡುವಾಗ ಮಾತ್ರ, ಯಾರಿಗೂ ಕೇಳಿಸಬಾರದು ಅಂತ. ಮುಚ್ಚಿದ್ದು ನಾನೇ, ಕಡಿದದ್ದು ನಾನಲ್ಲ, ನಾನಲ್ಲ, ನಾನಲ್ಲ, ಬೆನ್ನಿನಿಂದ ಯಾರೋ ಮೂಟೆ ಇಳಿಸಿದ ಹಾಗೆ ಮಂಚದ ಮೇಲೆ ಕೂತೇಬಿಟ್ಟೆ.

ಹಾಗಾದ್ರೆ ಬಾಗಿಲು ತೆಗೆದೇ ಮಾತಾಡಬೇಕಾ, ಅಮ್ಮ, ನನಗಿಂತ ಅವಳಿಗೇ ಗಾಬರಿ. ಇರುವುದು ಒಂದು ಕೋಣೆ, ಒಂದು ಹಜಾರ, ಮನೆಯಲ್ಲಿ ಇನ್ನೊಂದು ಬಾಗಿಲೆಂದರೆ ಬಚ್ಚಲದ್ದು, ಅಲ್ಲಿ ಕೂತು ಸಂದರ್ಶನ ಕೊಡಲಾ. ವೈರು ಬಿಚ್ಚಿ ಸರಿ ಮಾಡಲು ಹೊತ್ತಿಲ್ಲ, ಅಪ್ಪ ಮುಟ್ಟಿದರೆ ಇದ್ದದ್ದೂ ಹೋದೀತು, ಚಪ್ಪಲಿ ಅಲ್ಲೇ ಇರಲಿ, ಗಡಿಯಾರ ಆಗಲೇ — ಕರೆ ಬಂತು. ನಮಸ್ಕಾರ ಮೇಡಂ. ಹಜಾರದಲ್ಲಿ ಟಿವಿ ಸದ್ದಡಗಿತು, ಅಮ್ಮ ಒಲೆ ಆರಿಸಿದಳು, ಅಪ್ಪ ತುದಿಗಾಲಲ್ಲಿ ಎಲ್ಲಿಗೋ ಹೋಗಿ ಎಲ್ಲಿಗೂ ಹೋಗದೆ ನಿಂತ, ಮೂರು ಜೊತೆ ಕಿವಿ, ಅದರಲ್ಲಿ ಒಂದು ಜೊತೆ ಅಷ್ಟಕ್ಕಷ್ಟೇ, ಪರದೆಯಲ್ಲಿ ಮೇಡಂ, ಹೇಳಿ, ನಿಮ್ಮ ಬಗ್ಗೆ ಸ್ವಲ್ಪ ಹೇಳಿ, ಅದೇ ಪ್ರಶ್ನೆ, ದೀಪ ನೋಡಿದೆ, ಹಸಿರು, ಓಡಿಹೋಗಲು ನೆಪವಿಲ್ಲ, ಬಾಯಿಪಾಠ ಮಾಡಿದ್ದೆಲ್ಲ ಹಾರಿಹೋಯಿತು — ನನಗೆ ಮಾತಾಡೋಕಿಂತ ಕೇಳಿಸ್ಕೊಳ್ಳೋದು ಚೆನ್ನಾಗಿ ಬರುತ್ತೆ ಮೇಡಂ, ಅಂದೆ, ಇದನ್ನು ಯಾವಾಗ ಯೋಚಿಸಿದ್ದೆ, ನಮ್ಮಜ್ಜಿಗೆ ಕಿವಿ ಮಂದ, ಟಿವಿ ನೋಡುವಾಗ ಪಕ್ಕದಲ್ಲಿ ಕೂತು ಧಾರಾವಾಹಿಯವರು ಹೇಳಿದ್ದನ್ನೆಲ್ಲ ಅಜ್ಜಿಯ ಕಿವಿಗೆ ಹೇಳ್ತೀನಿ, ಎಲ್ಲಾ ಹೇಳೋಕೆ ಹೋದ್ರೆ ಮುಂದಿನ ಮಾತು ತಪ್ಪಿಹೋಗುತ್ತೆ, ಅದಕ್ಕೆ ಚಿಕ್ಕದು ಮಾಡ್ಬೇಕು, ಆದ್ರೆ ಬೈಗುಳ ಬೈಗುಳವಾಗೇ ಇರ್ಬೇಕು, ಮೆತ್ತಗೆ ಮಾಡಿದ್ರೆ ಅಜ್ಜಿಗೆ ಮುಖ ನೋಡಿಯೇ ಗೊತ್ತಾಗುತ್ತೆ, ಮೋಸ ಮಾಡ್ಬೇಡ ಅಂತ ನನ್ನ ತೊಡೆ ಚಿವುಟ್ತಾರೆ. ಹಜಾರದಿಂದ ಅಜ್ಜಿ, ಏನಂತೆ, ಏನಂದ್ಲು? ಅಮ್ಮನ ಪಿಸುಮಾತು, ಅಜ್ಜಿಗೆ ಕೇಳಬೇಕಲ್ಲ, ಪಿಸುಮಾತಲ್ಲ ಅದು, ನಿಮ್ಮ ಬಗ್ಗೇನೇ ಹೇಳ್ತಿದಾಳೆ ಅತ್ತೆ, ಚಿವುಟ್ತೀರ ಅಂತ. ಚಿವುಟ್ತೀನಿ, ಇನ್ನೇನು ಮತ್ತೆ! ಭೂಮಿ ಬಾಯಿ ಬಿಡಬಾರದಾ ಅಂದುಕೊಳ್ಳುವಷ್ಟರಲ್ಲಿ ಮೇಡಂ ಗಟ್ಟಿಯಾಗಿ ನಕ್ಕರು, ಅವರೇನಾ ಅಜ್ಜಿ, ನನಗೂ ನಗು, ತಡೆಯದ ನಗು, ಆಮೇಲೆ ಮಾತು ಎಲ್ಲಿಂದ ಬಂತೋ, ಮಾತಿನ ನಡುವಿನ ಮೌನವನ್ನು ಅಕ್ಷರದಲ್ಲಿ ಹೇಗೆ ತೋರಿಸಬೇಕು ಅಂತ ನಾನೇ ಎದುರು ಪ್ರಶ್ನೆ ಹಾಕಿದೆ, ಇಷ್ಟೊಂದು ಮಾತಾಡಿದ್ದು ಯಾವಾಗ, ಆಚೆ ಕಡೆ ಅಮ್ಮ ನನ್ನನ್ನು ಚಿಕ್ಕದು ಮಾಡಿ ಮಾಡಿ ಅಜ್ಜಿಯ ಕಿವಿಗೆ ದಾಟಿಸುತ್ತಲೇ ಇದ್ದಾಳೆ, ಮುಂದಿನ ವಾರದಿಂದ ಬನ್ನಿ ಅಂದರು ಮೇಡಂ, ಬರೋದೇನು, ಮನೇಲೇ ಇರಿ, ಲೈನ್ ಮಾತ್ರ ಇವತ್ತಿನ ಹಾಗೇ ಇರಲಿ.

ಪರದೆ ಕತ್ತಲಾಯಿತು, ಈ ಸಲ ನಾನೇ ಮುಚ್ಚಿದ್ದು. ಅಬ್ಬಾ. ಅತ್ತುಬಿಡುತ್ತೇನೇನೋ, ನಗುತ್ತೇನೇನೋ, ಯಾವುದಾದರೂ ಒಬ್ಬಳೇ ಇದ್ದಾಗ ಆಗಲಿ ಅಂತ ಎದ್ದೆ, ಕೈ ತಾನಾಗಿ ಬಾಗಿಲಿನ ಹಿಡಿಗೆ ಹೋಯಿತು, ಅಭ್ಯಾಸ, ಭುಜ ಕೊಟ್ಟು ನೂಕುವುದಕ್ಕೆ — ಹಜಾರದಲ್ಲಿ ಅಜ್ಜಿ ನನ್ನತ್ತ ಬರುತ್ತಿದ್ದಾಳೆ, ಚಟ್, ಆಮೇಲೆ ಸದ್ದಿಲ್ಲ, ಚಟ್, ಆಮೇಲೆ ಸದ್ದಿಲ್ಲ, ಒಂದು ಕಾಲಿಗೆ ಚಪ್ಪಲಿ, ಒಂದು ಬರಿಗಾಲು, ನೋಯುವ ಹಿಮ್ಮಡಿಯನ್ನು ಎತ್ತೆತ್ತಿ ಇಡುತ್ತಾ, ಇಷ್ಟು ಹೊತ್ತೂ ಆ ತಣ್ಣನೆಯ ನೆಲದ ಮೇಲೆ, ಒಂದು ಸಲವಾದರೂ ಕೊಡೇ ಅನ್ನಲಿಲ್ಲ — ಕೈ ಹಿಡಿಯ ಮೇಲೆಯೇ ಇದೆ, ನೂಕುವುದಿಲ್ಲ, ಎಳೆಯುವುದಿಲ್ಲ, ಕೆಳಗೆ, ಸಂದಿಯಲ್ಲಿ, ಒಂದೇ ಪಕ್ಕ ಸವೆದ ಹಿಮ್ಮಡಿಯ ನೀಲಿ ಚಪ್ಪಲಿ, ಅದರ ಮೇಲೆ ಹಜಾರದ ಬೆಳಕಿನ ಒಂದು ಪಟ್ಟಿ, ನೀಲಿ ಚಪ್ಪಲಿ.