ನೀಲಿ ಬಟ್ಟೆಯ ಮನೆ

"ಈ ಮೆಟ್ಟಿಲು ಹತ್ತೋನು ತಲೇನ ಕೆಳಗಡೆ ಬಿಟ್ಟು ಹೋಗ್ಬೇಕೇನಯ್ಯ?"

ರಾಮಯ್ಯ ಮೇಷ್ಟ್ರ ಬೆರಳು ನಕ್ಷೆಯಲ್ಲಿ ಮಹಡಿ ಮೆಟ್ಟಿಲಿನ ಮೇಲೆ ಬಂದು ನಿಂತಿತ್ತು. ಪ್ರಭುಸ್ವಾಮಿ ಬಗ್ಗಿ ನೋಡಿದ. ಮೆಟ್ಟಿಲು ತಿರುಗುವ ಕಡೆ ಮೇಲಿನ ತೊಲೆ ತೀರ ಕೆಳಕ್ಕೆ ಬಂದುಬಿಟ್ಟಿತ್ತು. ಕುಳ್ಳನೂ ಅಲ್ಲಿ ತಲೆ ಬಗ್ಗಿಸಿಯೇ ಹೋಗಬೇಕು. ಹಿಂದಿನ ಬೆಂಚಿನವರು ಕಿಸಕ್ಕನೆ ನಕ್ಕರು. ನಗುವವರಿಗೇನು, ಅವರ ನಕ್ಷೆಗಳಿಗೆಲ್ಲ ಆಗಲೇ ಮೇಷ್ಟ್ರ ರುಜು ಬಿದ್ದಿತ್ತು.

ಇವನದು ಇದು ಮೂರನೆಯದು. ಮೊದಲನೆಯದರಲ್ಲಿ ಮುಗಿಯಿತು ಅನ್ನುವಾಗ ಅಡಿಗೆಮನೆಯ ಮೇಲೆ ಇಂಕು ತೊಟ್ಟಿಕ್ಕಿತ್ತು. ಎರಡನೆಯದನ್ನು ಅಕ್ಷರಗಳು ಒಂದೇ ಎತ್ತರಕ್ಕಿಲ್ಲವೆಂದು ಮೇಷ್ಟ್ರು ವಾಪಸು ಕೊಟ್ಟಿದ್ದರು. ಕಟ್ಟಡ ಕಟ್ಟುವುದನ್ನು ಕಲಿಯೋಣವೆಂದು ಬಂದರೆ ಮೂರು ವರ್ಷವೂ ಗೆರೆಯ ದಪ್ಪ, ಅಕ್ಷರದ ಎತ್ತರ ಇದರಲ್ಲೇ ಕಳೆದುಹೋಯಿತಲ್ಲ ಎಂದು ಅವನ ಹೊಟ್ಟೆ ಉರಿಯಿತು. ಒಂದು ಇಟ್ಟಿಗೆಯನ್ನೂ ಅವನಿನ್ನೂ ಕೈಯಲ್ಲಿ ಹಿಡಿದಿರಲಿಲ್ಲ.

"ಶನಿವಾರ ಸಾಯಂಕಾಲದೊಳಗೆ ನನ್ನ ಮೇಜಿನ ಮೇಲಿರ್ಬೇಕು. ಇಲ್ಲದಿದ್ರೆ ಪರೀಕ್ಷೆಗೆ ನಿನ್ನ ಹೆಸರು ಕಳಿಸೋಲ್ಲ," ಎಂದರು ಮೇಷ್ಟ್ರು. ಅದಕ್ಕೆ ಮೊದಲೂ ಅವರು ಏನೋ ಹೇಳಿದ್ದರು. ಪ್ರಭುಸ್ವಾಮಿಯ ಕಿವಿಗೆ ಬಿದ್ದದ್ದು ನಗು ಮಾತ್ರ.

ಅವನು ಇದ್ದದ್ದು ಅಗ್ರಹಾರದ ವಠಾರವೊಂದರಲ್ಲಿ, ಅಕ್ಕ ಗಿರಿಜಾಂಬಾಳ ಮನೆಯಲ್ಲಿ. ಭಾವ ಏಕಾಂತಯ್ಯ ಜವಳಿ ಅಂಗಡಿಯ ಗುಮಾಸ್ತ. ಎರಡು ಕೋಣೆಯ ಮನೆ. ಅಕ್ಕನಿಗೆ ಏಳು ತಿಂಗಳು ತುಂಬಿತ್ತು. ಕನ್ನಡ ನಾಡೆಲ್ಲ ಒಂದಾಗಿ ರಾಜ್ಯ ದೊಡ್ಡದಾದ ಮೇಲೆ ಲೋಕೋಪಯೋಗಿ ಇಲಾಖೆಯಲ್ಲಿ ನಕ್ಷೆ ಬರೆಯುವವರನ್ನು ಹುಡುಕಿ ಹುಡುಕಿ ಕರೆಯುತ್ತಿದ್ದಾರೆ, ಈ ಬೇಸಿಗೆಗೆ ಹುಡುಗ ಒಂದು ದಡ ಸೇರುತ್ತಾನೆ ಎಂದು ಭಾವ ಬಂದವರಿಗೆಲ್ಲ ಹೇಳಿಕೊಂಡಿದ್ದರು. ಇನ್ನೂ ಒಂದು ವರ್ಷ ಅದೇ ಕೋಣೆಯಲ್ಲಿ, ತೊಟ್ಟಿಲಿನ ಪಕ್ಕದಲ್ಲಿ ಬೋರ್ಡು ಹಾಕಿಕೊಂಡು ಕೂರುವುದನ್ನು ನೆನೆದರೆ ಪ್ರಭುಸ್ವಾಮಿಗೆ ಉಸಿರು ಕಟ್ಟುತ್ತಿತ್ತು.

ಮನೆಗೆ ಬಂದವನೇ ಸುರುಳಿಯನ್ನು ಅಕ್ಕನ ಮುಂದೆ ಎಸೆದ.

"ತಗೊ, ಇದನ್ನೂ ಒಗೆದು ನಿನ್ನ ಮಗೀಗೆ ಅಂಗಿ ಹೊಲ್ಕೊ. ಅದಾದ್ರೂ ಉಪಯೋಗಕ್ಕೆ ಬರ್ಲಿ."

ಟ್ರೇಸಿಂಗ್ ಬಟ್ಟೆ ನಿಜವಾಗಿ ಬಟ್ಟೆಯೇ. ತೆಳ್ಳನೆಯ ಹತ್ತಿ ಬಟ್ಟೆಗೆ ಗಟ್ಟಿಯಾಗಿ ಗಂಜಿ ಹಾಕಿ, ಹೊಳೆಯುವಂತೆ ತೀಡಿ, ನೀಲಿ ಹಾಳೆಯ ಹಾಗೆ ಮಾಡಿರುತ್ತಾರೆ. ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆದ ನಕ್ಷೆಯ ಮೇಲೆ ಅದನ್ನು ಹಾಸಿದರೆ ಕೆಳಗಿನ ಗೆರೆ ಕಾಣುತ್ತದೆ, ಅದರ ಮೇಲೆ ಇಂಕಿನಲ್ಲಿ ತಿದ್ದುವುದು. ಕೆಟ್ಟರೆ ಯಾರೂ ಬಿಸಾಡುತ್ತಿರಲಿಲ್ಲ. ಬಿಸಿನೀರಿನಲ್ಲಿ ನೆನೆಹಾಕಿದರೆ ಗಂಜಿ, ಇಂಕು ಎರಡೂ ಬಿಟ್ಟುಕೊಂಡು ಮಲ್ಲಿನಂಥ ಮೆತ್ತನೆಯ ಬಟ್ಟೆ ಉಳಿಯುತ್ತದೆ. ನಕ್ಷೆ ಬರೆಯುವವರ ಮನೆಗಳಲ್ಲಿ ಮಕ್ಕಳು ತೊಡುತ್ತಿದ್ದದ್ದು ಅದನ್ನೇ. ಇವನ ಮೊದಲ ಎರಡು ಟ್ರೇಸಿಂಗುಗಳು ಆಗಲೇ ಕುಲಾವಿ, ಜುಬ್ಬಗಳಾಗಿ ಅಕ್ಕನ ಪೆಟ್ಟಿಗೆ ಸೇರಿದ್ದವು.

ಗಿರಿಜಾಂಬಾ ಸುರುಳಿ ಬಿಚ್ಚಿ ಬೆಳಕಿಗೆ ಹಿಡಿದಳು. "ಇದೂ ಕೆಟ್ಟೋಯ್ತಾ? ಚೆನ್ನಾಗೇ ಕಾಣ್ತದಲ್ಲೋ."

"ನಿಂಗೇನ್ ಗೊತ್ತಾಯ್ತದೆ. ಒಗಿ ಅಂದ್ರೆ ಒಗಿ."

"ಸಿಟ್ಟಲ್ಲಿ ಹೇಳ್ತಿದೀಯ. ಎತ್ತಿಟ್ಟಿರ್ತೀನಿ ಬುಡು."

"ಎತ್ತಿಡ್ಬೇಡ. ಮತ್ತೆ ನನ್ ಕಣ್ಣಿಗೆ ಬೀಳ್ಬಾರ್ದು ಅದು," ಎಂದವನೇ ಅವಳು ಕೊಟ್ಟ ಕಾಫಿಯನ್ನೂ ಮುಟ್ಟದೆ ಹೊರಟುಹೋದ.

ಕಾಲು ಎಳೆದ ಕಡೆ ನಡೆದು ಸರಸ್ವತಿಪುರಂ ಸೇರಿದ. ಅಲ್ಲಿ ಆಗ ಬೀದಿಗೊಂದು ಹೊಸ ಮನೆ ಏಳುತ್ತಿತ್ತು. ಮರಳ ಗುಡ್ಡೆಯೊಂದರ ಮೇಲೆ ಕೂತು, ಮನಸ್ಸಿನಲ್ಲೇ ಮೇಷ್ಟ್ರನ್ನು ಸಾಕಾಗುವಷ್ಟು ಬೈದ. ಎದುರಿನ ಮನೆಯಲ್ಲಿ ಹೆಂಗಸೊಬ್ಬಳು ಗಾರೆಯ ಬಾಂಡ್ಲಿ ಹೊತ್ತು ಮೆಟ್ಟಿಲು ಹತ್ತುತ್ತಿದ್ದಳು. ತಿರುವಿನಲ್ಲಿ ತಲೆಗೆ ಅಡ್ಡವಾಗಿ, ಕೆಲಸಕ್ಕೆಂದು ಕಟ್ಟಿದ ಸಾರುವೆಯ ಬಿದಿರ ಗಳುವೊಂದು ಬಂದಿತ್ತು. ಪ್ರತಿ ಸಲವೂ ಅಲ್ಲಿಗೆ ಬರುತ್ತಲೇ ಅವಳು ಬಾಂಡ್ಲಿಯನ್ನು ಎರಡು ಕೈಯಲ್ಲಿ ಹಿಡಿದು, ಮಂಡಿ ಮಡಿಸಿ, ಕುಕ್ಕರಿಸಿದವಳಂತೆ ದಾಟುತ್ತಿದ್ದಳು. ಕೆಲಸ ಮುಗಿದರೆ ಆ ಗಳು ಬಿಚ್ಚುತ್ತಾರೆ, ಅವಳ ಕಷ್ಟ ಮುಗಿಯುತ್ತದೆ. ತಾನು ಬರೆದ ಮನೆಯಲ್ಲಿ ಹಾಗೆ ದಾಟುವವರು ಬದುಕಿರುವಷ್ಟು ದಿನವೂ ದಾಟಬೇಕು ಎಂದು ಪ್ರಭುಸ್ವಾಮಿಗೆ ಹೊಳೆಯಿತು. ಮೇಷ್ಟ್ರು ಹೇಳಿದ್ದು ಸರಿ ಎಂದು ಒಪ್ಪಿಕೊಳ್ಳುವುದಕ್ಕೆ ಅವನಿಗೆ ಬಹಳ ಕಷ್ಟವಾಯಿತು, ಆದರೂ ಒಪ್ಪಿಕೊಂಡ.

ಒಪ್ಪಿಕೊಂಡ ಮೇಲೆ, ಅವರು ಮೊದಲು ಹೇಳಿದ್ದ ಮಾತೂ ಕಿವಿಯೊಳಗೆ ತೆರೆದುಕೊಂಡಿತು. "ಪೂರ್ತಿ ಬರೀಬೇಡ. ಆ ನಾಲ್ಕು ಗೆರೆ ಬ್ಲೇಡಲ್ಲಿ ಕೆರೆದು ತಿದ್ದಿಬಿಡು, ಸಾಕು."

ಅವನು ಓಡುತ್ತ ನಡೆಯುತ್ತ ಮನೆ ಸೇರುವ ಹೊತ್ತಿಗೆ ಬಚ್ಚಲಿನ ಬಕೆಟ್ಟಿನಲ್ಲಿ ನೀರು ಕಪ್ಪಾಗಿತ್ತು. ಬಟ್ಟೆ ಆಗಲೇ ಹಿತ್ತಲಿನ ತಂತಿಯ ಮೇಲಿತ್ತು. ಹಿಡಿದು ನೋಡಿದ. ನಡುಮನೆಯ ಗೋಡೆಗಳು ಇದ್ದ ಕಡೆ ಬೂದು ಗೀಟು ಉಳಿದಿತ್ತು, ಮಿಕ್ಕ ಮನೆಯೆಲ್ಲ ಹೋಗಿತ್ತು.

"ಯಾಕೆ ಒಗ್ದೆ ಇದನ್ನ? ಯಾಕಕ್ಕ ಒಗ್ದೆ?" ಅವನ ಕೂಗು ವಠಾರಕ್ಕೆಲ್ಲ ಕೇಳಿಸಿತು.

ಗಿರಿಜಾಂಬಾ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. "ನೀನೇ ಹೇಳ್ದಲ್ಲಪ್ಪ," ಎಂದಳು.

ಅಂದು ಅವನು ಊಟ ಮಾಡಲಿಲ್ಲ. ಭಾವ ಬಂದು ವಿಷಯವೆಲ್ಲ ಕೇಳಿ, "ಪೆನ್ಸಿಲಿಂದು ಇದೆಯಲ್ಲ? ನಾಳೆ ಹೋಗಿ ಇನ್ನೊಂದು ಬಟ್ಟೆ ಕೇಳು. ಇದ್ದದ್ದು ಇದ್ದ ಹಾಗೆ ಹೇಳು," ಎಂದರು.

ಮಾರನೆಯ ದಿನ ಶುಕ್ರವಾರ. ಕಾಲೇಜಿನ ಸ್ಟೋರಿನವನು ತಲೆಯಲ್ಲಾಡಿಸಿಬಿಟ್ಟ. ಪರದೇಶದಿಂದ ಬರುವ ಮಾಲು, ಒಬ್ಬೊಬ್ಬನಿಗೆ ಮೂರಕ್ಕಿಂತ ಹೆಚ್ಚು ಕೊಡುವ ಹಾಗಿಲ್ಲ, ಬೇಕಾದರೆ ಮೇಷ್ಟ್ರ ರುಜು ತರಬೇಕು. ಪ್ರಭುಸ್ವಾಮಿ ಚೀಟಿ ಹಿಡಿದು ಉಪಾಧ್ಯಾಯರ ಕೋಣೆಯ ಮುಂದೆ ನಿಂತ. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಉರು ಹೊಡೆದುಕೊಂಡೇ ಬಂದಿದ್ದ. ಸಿಟ್ಟು ಬಂತು ಸಾರ್, ನಾನೇ ಹಾಳು ಮಾಡಿದೆ, ತಪ್ಪಾಯಿತು. ಒಳಗೆ ನಾಲ್ಕೈದು ಮಂದಿ ಮೇಷ್ಟ್ರುಗಳು ಕಾಫಿ ಕುಡಿಯುತ್ತಿದ್ದರು.

"ನಿನ್ನೆ ಇದ್ದ ಟ್ರೇಸಿಂಗ್ ಇವತ್ತೇನಾಯ್ತಯ್ಯ?" ರಾಮಯ್ಯ ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿದರು.

"ಅಕ್ಕ ಒಗೆದುಬಿಟ್ರು ಸಾರ್. ಗೊತ್ತಾಗದೆ."

ಕೋಣೆಯಲ್ಲಿದ್ದವರೆಲ್ಲ ಒಂದೇ ಸಲ ನಕ್ಕರು. ಒಬ್ಬರಿಗೆ ಕಾಫಿ ನೆತ್ತಿಗೆ ಹತ್ತಿತು. ರಾಮಯ್ಯ ಮೇಷ್ಟ್ರು ನಗುತ್ತಲೇ ಚೀಟಿ ಎಳೆದುಕೊಂಡರು. "ಅಲ್ಲಯ್ಯ, ಅದರ ಮೇಲೆ ಕೋಣೆಗಳ ಹೆಸರೆಲ್ಲ ಅಷ್ಟು ದಪ್ಪಗೆ ಬರೆದಿತ್ತಲ್ಲ. ಆಯಮ್ಮನಿಗೆ ಓದೋಕೆ ಬರೋಲ್ವೇನು?"

ಪ್ರಭುಸ್ವಾಮಿಗೆ ಅಕ್ಷರ ತಿದ್ದಿಸಿದವಳು ಗಿರಿಜಾಂಬಾ. ಮಿಡಲ್ ಸ್ಕೂಲ್ ಪರೀಕ್ಷೆಯಲ್ಲಿ ಇಡೀ ಹೋಬಳಿಗೆ ಮೊದಲನೆಯವಳಾಗಿ ಪಾಸಾಗಿ, ಮದುವೆ ಗೊತ್ತಾಯಿತೆಂದು ಶಾಲೆ ಬಿಟ್ಟವಳು.

"ಬರೋಲ್ಲ ಸಾರ್," ಎಂದ ಅವನು.

"ಪಾಪ, ಹೋಗ್ಲಿ ಬಿಡು," ಎಂದು ಮೇಷ್ಟ್ರು ರುಜು ಹಾಕಿದರು. ಅಷ್ಟು ಸಲೀಸಾಗಿ ಮುಗಿದೀತೆಂದು ಅವನು ಎಣಿಸಿರಲಿಲ್ಲ.

ಮನೆಗೆ ಬಂದಾಗ ಗಿರಿಜಾಂಬಾ ಹೊಸ್ತಿಲಲ್ಲೇ ಕಾಯುತ್ತಿದ್ದಳು. ಕೈಯಲ್ಲಿದ್ದ ನೀಲಿ ಸುರುಳಿ ನೋಡಿ, "ಸದ್ಯ, ಕೊಟ್ರಲ್ಲ," ಎಂದು ಎದೆಯ ಮೇಲೆ ಕೈಯಿಟ್ಟುಕೊಂಡಳು. "ಬೈದ್ರೇನೋ?"

"ಇಲ್ಲ."

"ಏನಂತ ಹೇಳ್ದೆ? ನಾ ರಾತ್ರಿಯೆಲ್ಲ ಅದೇ ಯೋಚ್ನೆ ಮಾಡ್ತಿದ್ದೆ ಕಣೋ. ನಮ್ಮಕ್ಕ ಗೊತ್ತಾಗ್ದೆ ಒಗ್ದ್‌ಬುಟ್ಲು ಅನ್ನು ಅಂತ ನಿಂಗೆ ಬೆಳಿಗ್ಗೆ ಹೇಳೋಣ ಅನ್ಕೊಂಡೆ. ಅಷ್ಟರಲ್ಲಿ ನೀನು ಹೊರಟೋಗಿದ್ದೆ."

ಇದೇ ಮಾತು ಹೇಳಿದೆ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅವನಿಗೆ ಕೇಳಿಸುತ್ತಿದ್ದದ್ದು ಆ ಕೋಣೆಯ ನಗು. "ಇಲ್ಲಕ್ಕ," ಎಂದ. "ಸಿಟ್ಟಲ್ಲಿ ನಾನೇ ಒಗೆಸ್ದೆ ಅಂದೆ."

ಗಿರಿಜಾಂಬಾ ಅವನನ್ನೇ ನೋಡಿದಳು. ಅವಳ ಕಣ್ಣು ತುಂಬಿತು. ಒಳಗೆ ತಿರುಗಿ, "ಕೇಳುದ್ರಾ? ಮೇಷ್ಟ್ರ ಮುಂದೆ ಎಲ್ಲಾ ತನ್ ಮೇಲೇ ಹಾಕ್ಕೊಂಡ್ಬುಟ್ಟವ್ನೆ," ಎಂದು ಗಂಡನಿಗೆ ಕೂಗಿ ಹೇಳಿದಳು. ಏಕಾಂತಯ್ಯ ಬಂದು ಭಾವಮೈದನ ಬೆನ್ನು ತಟ್ಟಿ ಹೋದರು.

ಪ್ರಭುಸ್ವಾಮಿ ಬೋರ್ಡು ಇಳಿಸಿ, ಪೆನ್ಸಿಲ್ ನಕ್ಷೆಯಲ್ಲಿ ಮೊದಲು ಮೆಟ್ಟಿಲು ತಿದ್ದಿದ. ಮೇಲೆ ಬಟ್ಟೆ ಹಾಸಿದ. ಅದು ಸುತ್ತಿಕೊಳ್ಳುತ್ತಿತ್ತು. ಅಕ್ಕ ಕಷ್ಟಪಟ್ಟು ನೆಲಕ್ಕೆ ಕೂತು, ಭಾರದ ಹೊಟ್ಟೆಗೆ ಒತ್ತದಂತೆ ಪಕ್ಕಕ್ಕೆ ವಾಲಿ, ಎರಡು ಅಂಗೈಯಲ್ಲಿ ಆ ತುದಿಯನ್ನು ಒತ್ತಿ ಹಿಡಿದಳು. ಹಿತ್ತಲಿನಿಂದ ಸಂಜೆಯ ಬಿಸಿಲು ನೇರವಾಗಿ ಬೋರ್ಡಿನ ಮೇಲೆ ಬೀಳುತ್ತಿತ್ತು.

"ಈ ಸಲ ಅಕ್ಷರ ತಪ್ಪೋದು ಬೇಡ. ನಾನು ಓದಿ ಹೇಳ್ತಾ ಹೋಗ್ತೀನಿ, ನೀನು ಬರಿ," ಎಂದಳು.

ಬಟ್ಟೆಯ ಕೆಳಗಿಂದ ಕಾಣುತ್ತಿದ್ದ ಇಂಗ್ಲಿಷ್ ಅಕ್ಷರಗಳ ಮೇಲೆ ಬೆರಳಿಟ್ಟು, ಮಗ್ಗಿ ಒಪ್ಪಿಸುವವಳ ಹಾಗೆ ಒಂದೊಂದಾಗಿ ಓದತೊಡಗಿದಳು. "ಕೆ, ಐ, ಟಿ, ಸಿ, ಎಚ್, ಇ, ಎನ್. ಕಿಚನ್. ಸರೀನೇನೋ?"

ಇಂಕು ತುಂಬಿದ ಪೆನ್ನು ಹಿಡಿದು ಪ್ರಭುಸ್ವಾಮಿ ಬಟ್ಟೆಯ ಮೇಲೆ ಬಗ್ಗಿದ್ದ. ಅವಳ ಬೆರಳು ಮುಂದಿನ ಕೋಣೆಗೆ ಹೋಗಿ ಕಾಯುತ್ತಿತ್ತು, ಪೆನ್ನಿನ ತುದಿಯಲ್ಲಿ ಇಂಕು ಒಣಗುತ್ತ ಬಂತು.